ಹನ್ನೆರಡು ಬಿಂದಿಗೆ

ಇವತ್ತು ಬೆಳಿಗ್ಗೆ ನೀರು ಬಿಟ್ಟಾಗ ನಮ್ಮ ಬೀದಿಯ ವಾಲ್ವ್ ಗುಂಡಿಯಲ್ಲಿ ಸೋರುವ ಜಾಯಿಂಟಿಗೆ ಲೀಟರ್ ಬಾಟಲಿ ಹಿಡಿದೆ. ಒಂದೇ ನಿಮಿಷಕ್ಕೆ ತುಂಬಿತು. ಮೂರು ಗಂಟೆ ಹೊತ್ತು ಹೀಗೇ ಸೋರಿದರೆ 180 ಲೀಟರ್, ಅಂದರೆ ಹನ್ನೆರಡು ಬಿಂದಿಗೆ. ಗೊರೂರಿನಿಂದ ನಾಲೆಯಲ್ಲಿ ಹರಿದು, ಬುಗುಡನಹಳ್ಳಿ ಕೆರೆ ಸೇರಿ, ಶುದ್ಧವಾಗಿ ತುಮಕೂರಿಗೆ ಬಂದ ಹೇಮಾವತಿ ನೀರು ಅದು. ಹೊಟ್ಟೆ ಉರಿಯಿತು.

"ಎಲ್ಲೋಗ್ತದೆ ಬಿಡಪ್ಪ, ಭೂಮಿಗೇ ತಾನೆ?" ಅಂದರು ಎದುರುಮನೆ ಅಜ್ಜಿ.

ಆ ಮಾತು ತಲೆಯಲ್ಲೇ ಉಳಿದಿದೆ. ಭೂಮಿಗೆ ಹೋಗುವುದು ನಿಜ, ಆದರೆ ಎಷ್ಟು? ಸ್ವಲ್ಪ ಚರಂಡಿಗೆ, ಸ್ವಲ್ಪ ಹೊಂಗೆ ಮರದ ಬೇರಿಗೆ, ಉಳಿದದ್ದಷ್ಟೇ ಕೆಳಗೆ. ದಿನವಿಡೀ ನೀರು ಬರುವ ಊರುಗಳಲ್ಲಿ ಸೋರಿಕೆ ಎಷ್ಟು ಅಂತ ತಿಳಿಯಲು ರಾತ್ರಿ ಎರಡರಿಂದ ನಾಲ್ಕರವರೆಗೆ, ಎಲ್ಲರೂ ಮಲಗಿರುವಾಗ, ಪೈಪಿನ ಹರಿವು ಅಳೆಯುತ್ತಾರೆ. ಬಳಕೆ ತೀರಾ ಕಡಿಮೆ ಇರುವ ಆ ಹೊತ್ತಿನ ಹರಿವಿನಲ್ಲಿ ಬಹುಪಾಲು ಸೋರಿಕೆಯೇ. ನಮ್ಮಲ್ಲಿ ನೀರು ಬಿಟ್ಟ ತಕ್ಷಣ ಎಲ್ಲರ ಸಂಪೂ ತುಂಬತೊಡಗುತ್ತೆ. ಸೋರಿಕೆ ಯಾವುದು, ಸಂಪು ಯಾವುದು ಅಂತ ಬೇರ್ಪಡಿಸೋದು ಕಷ್ಟ. ಇಂಗಿದ್ದನ್ನೂ ಮತ್ತೆ ಬೋರ್‌ವೆಲ್‌ನಿಂದ ಕರೆಂಟು ಸುಟ್ಟೇ ಎತ್ತಬೇಕು. ನೀರು ನಿಂತಾಗ ಅದೇ ತೂತಿನಿಂದ ಕೊಳೆ ಒಳಗೆ ನುಗ್ಗಬಹುದು, ಅದೇ ನನಗೆ ದೊಡ್ಡ ಭಯ.

ವಾಟರ್‌ಮನ್ ಅಣ್ಣನಿಗೆ ತೋರಿಸಿದ್ದೇನೆ. ವಾಷರ್ ಬದಲಿಸಿದ ಮೇಲೆ ಅದೇ ಬಾಟಲಿ ಮತ್ತೆ ಹಿಡಿಯುತ್ತೇನೆ.