ಇಲಿ ಕಥೆ ಅಂತ ಮಕ್ಕಳ ಕಪಾಟಿಗೆ ಹಾಕಿದ್ದೆ

ಹೋದ ವಾರ ಸ್ಟಾಕ್ ವೆರಿಫಿಕೇಶನ್ ಮಾಡುವಾಗ 'ಮೌಸ್' ಅನ್ನೋ ಕಾಮಿಕ್ಸ್ ಪುಸ್ತಕ ಮತ್ತೆ ಕೈಗೆ ಸಿಕ್ಕಿತು. ಬೆನ್ನಿನ ಮೇಲೆ ಒಂದರ ಮೇಲೊಂದು ಮೂರು ಸ್ಪೈನ್ ಲೇಬಲ್, ಅಂದರೆ ಪುಸ್ತಕ ಯಾವ ಕಪಾಟಿನದು ಅಂತ ಹೇಳುವ ಚೀಟಿ. ಮೂರೂ ನಾನೇ ಅಂಟಿಸಿದ್ದು. ಈಗ ನಗು ಬರುತ್ತದೆ, ಆವತ್ತು ಬಂದಿರಲಿಲ್ಲ.

ಶಿವಮೊಗ್ಗದ ಒಂದು ಕ್ಯಾಂಪಸ್‌ನಲ್ಲಿ ನಾನು ಲೈಬ್ರರಿಯನ್. ಆರನೇ ಕ್ಲಾಸಿನಿಂದ ಎಂ.ಎ. ತನಕ ಎಲ್ಲರಿಗೂ ಅದೇ ಲೈಬ್ರರಿ, ನಾನೊಬ್ಬನೇ. ಎರಡು ವರ್ಷದ ಹಿಂದೆ ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪೆಟ್ಟಿಗೆ ಪುಸ್ತಕ ಕೊಟ್ಟರು. ಜುಲೈ ತಿಂಗಳು. ಹೊರಗೆ ಧೋ ಅಂತ ಮಳೆ, ಒಳಗೆ ಗೋಡೆಯೆಲ್ಲ ತೇವ, ಪೆಟ್ಟಿಗೆಯಲ್ಲೇ ಬಿಟ್ಟರೆ ನಾಲ್ಕೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ, ಅದರ ಮೇಲೆ "ಶುಕ್ರವಾರದೊಳಗೆ ಆಕ್ಸೆಷನ್ (ದಾಖಲಾತಿ) ಮುಗಿಸಿ" ಅಂತ ಆಫೀಸಿನಿಂದ ದಿನಕ್ಕೆರಡು ಫೋನು. ಅವರಿಗೆ ಬೇಕಿದ್ದದ್ದು ಪುಸ್ತಕ ಅಲ್ಲ, ಸಂಖ್ಯೆ. ಮುಖಪುಟ ನೋಡು, ಸೀಲ್ ಒತ್ತು, ನಂಬರ್ ಹಾಕು, ಮುಂದಿನದು.

ಹಾಗೇ 'ಮೌಸ್' ಬಂತು. ಕೋಟು ಹಾಕಿಕೊಂಡು ಮುದುರಿ ಕೂತ ಎರಡು ಇಲಿ. ಹಿಂದೆ ಸ್ವಸ್ತಿಕ, ಅದರ ನಡುವೆ ಬೆಕ್ಕಿನ ಮುಖ. ಸ್ವಸ್ತಿಕ ನೋಡಿಯೂ ನನಗೆ ಹಿಟ್ಲರ್ ನೆನಪಾಗಲಿಲ್ಲ, ನಮಗೆ ಸ್ವಸ್ತಿಕ ಅಂದರೆ ಗೃಹಪ್ರವೇಶ ಅಲ್ವಾ. ಇಲಿ, ಬೆಕ್ಕು, ಮಕ್ಕಳ ಕಪಾಟು. ಲೈಬ್ರರಿ ಸಾಫ್ಟ್‌ವೇರ್ ಕೋಹಾದಲ್ಲಿ ಐಟಂ ಟೈಪ್ ಹಾಕಿ ಮುಂದೆ ಹೋದೆ.

ಆರನೇ ಕ್ಲಾಸಿನ ಹುಡುಗಿ ಇಶ್ಯೂ ಮಾಡಿಸಿಕೊಂಡು ಹೋದಳು. ಮೂರನೇ ದಿನ ಪ್ರಿನ್ಸಿಪಾಲರ ಚೇಂಬರಿನಿಂದ ಕರೆ. ಟೇಬಲ್ ಮೇಲೆ ಪುಸ್ತಕ ತೆರೆದಿತ್ತು. ಬೀದಿಯಲ್ಲಿ ನೇಣಿಗೆ ಹಾಕಿದ ಇಲಿಗಳು, ಮನುಷ್ಯರ ಬಟ್ಟೆಯಲ್ಲಿ. ಹುಡುಗಿಯ ಅಮ್ಮ ಕೂಗಾಡಿದ್ದರೆ ಪರವಾಗಿರಲಿಲ್ಲ. ಅವರು ಮೆಲ್ಲಗೆ, "ಇವರೆಲ್ಲ ನಿಜವಾಗ್ಲೂ ಸತ್ತರಾ ಅಂತ ಕೇಳ್ತಾಳೆ, ಏನು ಹೇಳಲಿ?" ಅಂದರು. ನಾನು ಸುಮ್ನೆ ಇರಬಹುದಿತ್ತು. "ಇಲ್ಲ ಮೇಡಂ, ಇದು ಇಲಿ ಕಥೆ" ಅಂದೆ. ಅವರು ನನ್ನ ಮುಖವನ್ನೇ ನೋಡಿದರು. "ನೀವು ಓದಿದ್ದೀರಾ?"

ಶೀಟಿನ ಮೇಲೆ ಮಳೆ ಬೀಳುವ ಸದ್ದು ಬಿಟ್ಟರೆ ಬೇರೇನಿಲ್ಲ. ಪ್ರಿನ್ಸಿಪಾಲರು ಪೆನ್ನಿನ ಕ್ಯಾಪು ತೆಗೆದರು, ಹಾಕಿದರು, ಮತ್ತೆ ತೆಗೆದರು. "ಇಲ್ಲ" ಅನ್ನೋಕೆ ನನಗೆ ಎಷ್ಟು ಹೊತ್ತು ಬೇಕಾಯಿತೋ ಗೊತ್ತಿಲ್ಲ. ಅಂದೆ. "ಗೊಂಬೆ ಪುಸ್ತಕ ಎಲ್ಲ ತೆಗೆದುಬಿಡಿ" ಅಂತ ಆರ್ಡರ್ ಆಯಿತು. ಎದುರು ಮಾತಾಡುವ ಮುಖ ನನಗೆಲ್ಲಿತ್ತು? ಅದೇ ಪೆಟ್ಟಿಗೆಯ ಬೇರೆ ಕಾಮಿಕ್ಸ್, 'ಪರ್ಸೆಪೊಲಿಸ್', 'ಭೀಮಾಯನ' ಎಲ್ಲ ಬೀರುವಿಗೆ ಹೋದವು.

'ಮೌಸ್' ಮಾತ್ರ ಮನೆಗೆ ಒಯ್ದೆ. ಆರ್ಟ್ ಸ್ಪೀಗಲ್‌ಮನ್ ತನ್ನ ಅಪ್ಪನನ್ನು ಕೂರಿಸಿಕೊಂಡು, ನಾಜಿಗಳ ಆಶ್ವಿಟ್ಜ್ ಸಾವಿನ ಕ್ಯಾಂಪಿನಿಂದ ಬದುಕಿ ಬಂದ ಕಥೆ ಕೇಳಿ ಬರೆದದ್ದು. ಯಹೂದಿಗಳು ಇಲಿ, ಜರ್ಮನ್ನರು ಬೆಕ್ಕು. ನನಗೆ ಜಾಸ್ತಿ ತಟ್ಟಿದ್ದು ಆ ಕಾಲದ ಭಯ ಅಲ್ಲ, ಆ ಅಪ್ಪ. ಜಿಪುಣ, ಕಿರಿಕಿರಿ ಮುದುಕ, ಮಗನಿಗೆ ಅವನ ಜೊತೆ ಏಗೋಕಾಗಲ್ಲ. ಕಷ್ಟಪಟ್ಟವರೆಲ್ಲ ದೇವರಾಗಿಬಿಡಲ್ಲ ಅಂತ ಮುಚ್ಚುಮರೆ ಇಲ್ಲದೆ ಬರೆದಿದ್ದಾನೆ. 1992ರಲ್ಲಿ ಇದಕ್ಕೆ ಪುಲಿಟ್ಜರ್ ವಿಶೇಷ ಪ್ರಶಸ್ತಿ ಸಿಕ್ಕಿದೆ. 1991ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನವರು ಎರಡನೇ ಭಾಗವನ್ನು ಬೆಸ್ಟ್‌ಸೆಲ್ಲರ್ ಪಟ್ಟಿಯ ಫಿಕ್ಷನ್ ಸಾಲಿಗೆ ಹಾಕಿದ್ದರಂತೆ, ಲೇಖಕ ಕಾಗದ ಬರೆದ ಮೇಲೆ ನಾನ್‌ಫಿಕ್ಷನ್‌ಗೆ ಬದಲಿಸಿದರು. ಅಷ್ಟು ದೊಡ್ಡವರೂ ತಪ್ಪು ಕಪಾಟಿಗೆ ಹಾಕಿದ್ದರು ಅಂತ ಓದಿ ಸ್ವಲ್ಪ ಸಮಾಧಾನ ಆಯಿತು.

ನಾಲ್ಕು ತಿಂಗಳು ಬಿಟ್ಟು, ಯಾರಿಗೂ ಹೇಳದೆ, ಎಲ್ಲವನ್ನೂ ಬೀರುವಿನಿಂದ ತೆಗೆದು 741.5ಕ್ಕೆ, ಅಂದರೆ ಕಾಮಿಕ್ಸ್ ಸಾಲಿಗೆ ಹಾಕಿದೆ. ಪುಸ್ತಕಕ್ಕೆ ವಿಷಯದ ನಂಬರ್ ಕೊಡುವ ಡ್ಯೂಯಿ ಪದ್ಧತಿ ಪ್ರಕಾರ ಸರಿಯೇ, ಕಾಮಿಕ್ಸ್ ಇರುವುದೇ ಡ್ರಾಯಿಂಗ್ ಪಕ್ಕ. ಆದರೆ ನಮ್ಮಲ್ಲಿ ಆ ರ‍್ಯಾಕು ಜೆರಾಕ್ಸ್ ಮೆಷಿನ್ನಿನ ಹಿಂದೆ. ವರ್ಷವಿಡೀ ಒಂದೂ ಇಶ್ಯೂ ಇಲ್ಲ. ಪುಸ್ತಕ ಉಳಿಸಿದೆ ಅಂತ ಬೀಗಿದ್ದೆ, ಹೂತಿಟ್ಟಿದ್ದೆ ಅಷ್ಟೆ.

ಸಾಗರ ಕಡೆಯ ಕನ್ನಡ ಎಂ.ಎ. ಹುಡುಗಿಯೊಬ್ಬಳು ಮಲೆನಾಡಿನ ಗೋಡೆ ಚಿತ್ರ ಹಸೆ ಚಿತ್ತಾರದ ಡಿಸೈನ್ ಹುಡುಕುತ್ತಾ ಆ ಸಂದಿಗೆ ನುಗ್ಗಿ 'ಭೀಮಾಯನ' ಹಿಡಿದುಕೊಂಡು ಬಂದಳು. 2011ರ ಪುಸ್ತಕ, ಅಂಬೇಡ್ಕರ್ ಬದುಕು, ಚಿತ್ರ ಬರೆದವರು ಗೊಂಡ ಬುಡಕಟ್ಟಿನ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. "ಸರ್, ಮಾತಿನ ಗುಳ್ಳೆ ನೋಡಿ. ವಿಷ ಕಾರುವ ಮಾತಿಗೆಲ್ಲ ಚೇಳಿನ ಬಾಲ, ಒಳ್ಳೆಯ ಮಾತಿಗೆ ಹಕ್ಕಿಯ ಆಕಾರ." ನಾನು ಆ ಪುಸ್ತಕ ಓದಿದ್ದೆ, ಅಂದರೆ ಅಕ್ಷರ ಓದಿದ್ದೆ. ಚೌಕಟ್ಟೇ ಇಲ್ಲದ ಪುಟಗಳಲ್ಲಿ, ಶಾಲೆಯಲ್ಲಿ ನೀರು ಕೊಡಲ್ಲ ಅನ್ನುವ ಆ ಮಾತು ಹುಡುಗ ಅಂಬೇಡ್ಕರ್‌ನನ್ನು ಕುಟುಕುವುದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಅವಳು ಅದರ ಮೇಲೇ ಸೆಮಿನಾರ್ ಕೊಟ್ಟಳು. "ಕಾಮಿಕ್ಸ್ ಮೇಲೆ ಸೆಮಿನಾರಾ?" ಅಂದವರ ಮುಂದೆ ಆ ಪುಟ ತೆರೆದು ಹಿಡಿದಳಂತೆ.

ಮಾರನೇ ದಿನವೇ 'ಮೌಸ್' ಅನ್ನು 940.5318ಕ್ಕೆ, ಯಹೂದಿಗಳ ನರಮೇಧದ ಇತಿಹಾಸದ ಸಾಲಿಗೆ ತಂದೆ. ಮೂರನೇ ಲೇಬಲ್ ಅದು. ಈಗ ಡಿಗ್ರಿಯವರಿಗೆ ಮಾತ್ರ ಇಶ್ಯೂ.

ಎರಡನೇ ಭಾಗ ನಮ್ಮಲ್ಲಿರಲಿಲ್ಲ. ಮೂರು ಸಲ ಇಂಡೆಂಟ್ (ಖರೀದಿ ಬೇಡಿಕೆ) ಕಳಿಸಿದೆ, ಮೂರು ಸಲವೂ "ಕಾಮಿಕ್ಸ್‌ಗೆ ಬಜೆಟ್ ಇಲ್ಲ" ಅಂತ ಕೆಂಪು ಶಾಯಿಯಲ್ಲಿ ವಾಪಸ್. ನಾಲ್ಕನೇ ಸಲ ಸಬ್ಜೆಕ್ಟ್ ಕಾಲಮ್ಮಿನಲ್ಲಿ 'ಎರಡನೇ ಮಹಾಯುದ್ಧ' ಅಂತ ಬರೆದೆ. ಎರಡೇ ದಿನಕ್ಕೆ ಸಹಿ ಬಿತ್ತು.