ಪರದೆಗೆ ಬಣ್ಣ ಹುಡುಕುತ್ತಾ ಮಡಿಕೇರಿಯಲ್ಲಿ ಒಂದು ದಿನ

ನಾನು ಮೈಸೂರಿನಲ್ಲಿ ರಂಗಸಜ್ಜಿಕೆ ಕಲಿಯುತ್ತಿದ್ದೇನೆ. ಈ ಸಲದ ನಾಟಕಕ್ಕೆ ಕಾಡಿನ ಪರದೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಫೋಟೋ ನೋಡಿಕೊಂಡು ಎರಡು ಸಲ ಬರೆದೆ. ಎರಡು ಸಲವೂ ಗುಡ್ಡಗಳು ಬಟ್ಟೆಗೆ ಅಂಟಿಸಿದ ಹಾಗೆ ಕಂಡವು. ಹಾಗಾಗಿ ಅಕ್ಟೋಬರ್ ಕೊನೆಯಲ್ಲಿ ಒಂದು ದಿನ ಮಡಿಕೇರಿ ಬಸ್ ಹತ್ತಿದೆ.

ಮೈಸೂರಿನಿಂದ ಸುಮಾರು 120 ಕಿ.ಮೀ., ಹತ್ತಿರ ಹತ್ತಿರ ಮೂರು ಗಂಟೆ ಬೇಕು. ನಸುಕಿನ ಬಸ್ಸೇ ಹಿಡಿಯಿರಿ, ಕಿಟಕಿ ಪಕ್ಕ ಕೂರಿ. ಕುಶಾಲನಗರ ದಾಟಿ ಸುಂಟಿಕೊಪ್ಪದ ಕಡೆ ಏರುವಾಗ ನಿದ್ದೆ ಮಾಡಬೇಡಿ. ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿರುತ್ತಾರೆ. ಗಾಳಿ ಬೀಸಿದಾಗ ಓಕ್ ಎಲೆ ಮಗುಚಿ ಬೆಳ್ಳಗಿನ ಬೆನ್ನು ತೋರಿಸುತ್ತದೆ. ಅದರ ಕೆಳಗೇ ಬಳ್ಳಿಯ ಕಡು ಹಸಿರು. ಈ ಎರಡು ಬಣ್ಣ ಒಟ್ಟಿಗೆ ನೋಡಿದ್ದಕ್ಕೇ ನನ್ನ ಬಸ್ ಚಾರ್ಜು ವಸೂಲಾಯಿತು.

ಇಳಿದ ತಕ್ಷಣ ರಾಜಾಸೀಟ್‌ಗೆ ಹೋಗಿ. ಸಂಜೆ ಸೂರ್ಯಾಸ್ತಕ್ಕೆ ಜನ ಜಾಸ್ತಿ, ಕೂತು ಬರೆಯಲು ಜಾಗ ಸಿಗುವುದು ಕಷ್ಟ. ಬೆಳಿಗ್ಗೆ ಕಣಿವೆಯಲ್ಲಿ ಮಂಜು ಇನ್ನೂ ಕೂತಿತ್ತು. ಅಲ್ಲಿಯೇ ನನ್ನ ತಪ್ಪು ಗೊತ್ತಾಯಿತು. ಪ್ರತಿ ಗುಡ್ಡದ ನೆತ್ತಿ ಸ್ಪಷ್ಟವಾಗಿದೆ, ಬುಡ ಮಸುಕು. ಮಂಜು ತಗ್ಗಿನಲ್ಲಿ ನಿಲ್ಲುತ್ತದಲ್ವಾ! ನಾನು ಇಷ್ಟು ದಿನ ಬುಡಕ್ಕೇ ದಟ್ಟ ಬಣ್ಣ ಹಚ್ಚುತ್ತಿದ್ದೆ. ಹತ್ತಿರದ ಗುಡ್ಡ ಕಪ್ಪು ಹಸಿರು, ಅದರಾಚೆಯದು ನೀಲಿ, ಕೊನೆಯದು ಆಕಾಶಕ್ಕಿಂತ ಒಂದು ಚೂರು ಗಾಢ, ಅಷ್ಟೇ. ಒಂದೂವರೆ ಗಂಟೆ ಅದನ್ನೇ ನೋಡಿದೆ.

ಜಲವರ್ಣ ಒಯ್ದಿದ್ದೆ. ಆ ತೇವದ ಗಾಳಿಗೆ ಮೊದಲ ಬಣ್ಣ ಒಣಗಲೇ ಇಲ್ಲ, ಎರಡನೆಯದು ಹಚ್ಚಿದರೆ ಹರಡಿಹೋಯಿತು. ನೀವು ಪೆನ್ಸಿಲ್, ಇದ್ದಿಲು, ಎಣ್ಣೆ ಪೇಸ್ಟಲ್ ಇಟ್ಟುಕೊಳ್ಳಿ. ಬಣ್ಣದ ಹೆಸರನ್ನು ಚಿತ್ರದ ಮೇಲೆಯೇ ಬರೆದುಕೊಳ್ಳಿ. ಫೋನ್ ಕ್ಯಾಮೆರಾವನ್ನು ನಂಬಬೇಡಿ, ನನ್ನ ಫೋನಿನಲ್ಲಿ ಮಂಜೆಲ್ಲ ಬರೀ ಬಿಳಿಯಾಗಿ ಬಂತು.

ಅಲ್ಲಿಂದ ಕೋಟೆಗೆ ನಡೆದೇ ಹೋಗಬಹುದು. ಒಳಗೆ ಗಾರೆಯ ಎರಡು ಆನೆಗಳಿವೆ, ನಿಜವಾದ ಆನೆಯಷ್ಟೇ ದೊಡ್ಡವು. ಎಲ್ಲರೂ ಅವುಗಳ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಬೇಕಾಗಿದ್ದು ಕಲ್ಲಿನ ಗೋಡೆ. ಒಂದು ಗೇಣು ಜಾಗದಲ್ಲಿ ಕಪ್ಪು ಪಾಚಿ, ಬೂದಿ ಬಣ್ಣದ ಕಲೆಗಳು, ನೀರು ಇಳಿದ ಕಂದು ಗೆರೆ. ಬಗ್ಗಿ ಬರೆಯುತ್ತಿದ್ದಾಗ ಒಬ್ಬರು ಅಜ್ಜಿ ನಿಂತು ಕೇಳಿದರು: "ಗೋಡೆಯಲ್ಲಿ ಎಂಥ ಉಂಟು ಮಗಾ?" ನಾಟಕಕ್ಕೆ ಅಂದೆ. "ಈಗ ಪಾಚಿ ಒಣಗಿ ಉಂಟು. ಜುಲೈಯಲ್ಲಿ ಬಾ, ಪೂರ್ತಿ ಹಸಿರು" ಅಂದರು. ಪರದೆಗೆ ಯಾವ ತಿಂಗಳ ಗೋಡೆ ಬೇಕು ಅನ್ನುವುದನ್ನು ನಾನು ಯೋಚಿಸಿಯೇ ಇರಲಿಲ್ಲ. ಮಳೆಗಾಲದಲ್ಲಿ ಹೋಗುವುದಾದರೆ ಕೊಡೆಯ ಜೊತೆ ಹಾಳೆಗೆ ಪ್ಲಾಸ್ಟಿಕ್ ಕವರ್ ಇರಲಿ, ರಸ್ತೆ ಹೇಗಿದೆ ಅಂತ ಮೊದಲೇ ವಿಚಾರಿಸಿ. ತೋಟದ ಹುಲ್ಲಿನಲ್ಲಿ ಜಿಗಣೆ ಇರುತ್ತವೆ.

ಊಟಕ್ಕೆ ಕಡಂಬುಟ್ಟು (ಅಕ್ಕಿ ತರಿಯ ಉಂಡೆ ಕಡುಬು) ಸಿಕ್ಕರೆ ಬಿಡಬೇಡಿ. ಮಧ್ಯಾಹ್ನ ಓಂಕಾರೇಶ್ವರ ದೇವಸ್ಥಾನ ನೋಡಿದೆ. 1820ರಲ್ಲಿ ಕೊಡಗಿನ ಅರಸ ಲಿಂಗರಾಜೇಂದ್ರ ಕಟ್ಟಿಸಿದ್ದು. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಗೋಪುರ, ಎದುರಿಗೆ ಕೊಳ. ದರ್ಬಾರ್ ಪರದೆ ಬರೆಯುವವರು ಆ ಗುಮ್ಮಟವನ್ನು ಕೊಳದ ನೀರಿನಲ್ಲೂ ನೋಡಿ. ಒಳಗೆ ಕೂತು ಬರೆಯುವ ಮೊದಲು ಅಲ್ಲಿದ್ದವರನ್ನು ಕೇಳಿ.

ಅಬ್ಬಿ ಜಲಪಾತ, ಮಾಂದಲ್‌ಪಟ್ಟಿ, ತಲಕಾವೇರಿ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಬೇಡಿ. ಮೂರು ಜಾಗ ಸಾಕು. ಕಕ್ಕಬ್ಬೆ ಬಳಿಯ ನಾಲ್ಕುನಾಡು ಅರಮನೆಯ ಗೋಡೆ ಚಿತ್ರ, ಮರದ ಕೆತ್ತನೆ ನೋಡಲು ನಾನು ಇನ್ನೊಂದು ಇಡೀ ದಿನ ಇಟ್ಟುಕೊಂಡಿದ್ದೇನೆ. ಅದು ಜುಲೈಯಲ್ಲಿ. ಅದಕ್ಕೂ ಮೊದಲು ಕಾಡಿನ ಪರದೆಯನ್ನು ಮೂರನೇ ಸಲ ಬರೆಯಬೇಕು, ಈ ಸಲ ನೆತ್ತಿಯಿಂದ ಕೆಳಕ್ಕೆ.