ಸ್ಪೈಡರ್‌ಮ್ಯಾನ್ ಯಾವ ಟೀಮು ಮಾಮ?

14 ಜುಲೈ 2024, ಭಾನುವಾರ ರಾತ್ರಿ

ಅಕ್ಕನ ಮಗ ಇವತ್ತು ಒಂದು ಪ್ರಶ್ನೆ ಕೇಳ್ಬಿಟ್ಟ, ಆಗಿಂದ ತಲೇಲಿ ಅದೇ ಓಡ್ತಿದೆ. "ಮಾಮ, ಸ್ಪೈಡರ್‌ಮ್ಯಾನ್ ನಿಜವಾದ ಅವೆಂಜರ್ ಅಲ್ವಂತೆ, ಸುಮ್ನೆ ಜೊತೆಗಿರ್ತಾನಂತೆ, ಹೌದಾ?" ಅವೆಂಜರ್ಸ್ ಅಂದ್ರೆ ಮಾರ್ವೆಲ್ ಕಾಮಿಕ್ಸ್, ಸಿನಿಮಾಗಳ ಸೂಪರ್‌ಹೀರೋ ತಂಡ. ಕ್ಲಾಸಲ್ಲಿ ಯಾರೋ ಹಾಗಂತ ರೇಗ್ಸಿದಾರೆ, ಮುಖ ಸಣ್ಣ ಮಾಡ್ಕೊಂಡಿದ್ದ.

ಹೌದು ಅನ್ನೋಕೂ ಆಗಲ್ಲ, ಇಲ್ಲ ಅನ್ನೋಕೂ ಆಗಲ್ಲ ಕಣೋ ಅಂದೆ. ಹೋಮ್‌ಕಮಿಂಗ್ ಸಿನಿಮಾದಲ್ಲಿ ಅವೆಂಜರ್ಸೇ ಕರೆದ್ರೂ ಬೇಡ ಅಂದ, ಮುಂದಿನ ವರ್ಷ ಇನ್ಫಿನಿಟಿ ವಾರ್‌ನಲ್ಲಿ ಟೋನಿ ಸ್ಟಾರ್ಕ್ (ಐರನ್ ಮ್ಯಾನ್) ನೀನೀಗ ಅವೆಂಜರ್ ಅಂತ ಹೇಳೇಬಿಟ್ಟ. 2019ರಲ್ಲಿ ಅವನ ಸಿನಿಮಾ ಹಕ್ಕು ಇಟ್ಕೊಂಡ ಸೋನಿಗೂ ಮಾರ್ವೆಲ್ ಒಡೆಯ ಡಿಸ್ನಿಗೂ ಜಗಳ ಆಗಿ ಅವನು ಆ ಸಿನಿಮಾಗಳಲ್ಲೇ ಇರ್ತಾನೋ ಇಲ್ವೋ ಅನ್ನೋ ಹಾಗಾಗಿತ್ತು, ಅದನ್ನ ಮಾತ್ರ ಹೇಳ್ಲಿಲ್ಲ, ಆ ವಯಸ್ಸಿಗೆ ಕಾಂಟ್ರಾಕ್ಟ್ ವಿಷಯ ಯಾಕೆ.

ಕಾಮಿಕ್ಸ್ ಕಥೆ ಹೇಳಿದೆ. 1963, ಅವನದೇ ಹೆಸರಿನ ಪುಸ್ತಕದ ಮೊದಲ ಸಂಚಿಕೆ. ಸಾಕಿದ ಅಂಕಲ್ ಬೆನ್ ತೀರ್ಕೊಂಡಿದಾರೆ, ಮನೆ ಬಾಡಿಗೆಗೆ ದುಡ್ಡಿಲ್ಲ, ಅವರ ಹೆಂಡತಿ ಆಂಟ್ ಮೇ ಗುಟ್ಟಾಗಿ ಒಡವೆ ಗಿರವಿ ಇಡೋಕೆ ಹೋಗ್ತಾರೆ. ಇವನು ಶೋ ಮಾಡಿ ಚೆಕ್ ತಗೊಂಡ್ರೆ ಬ್ಯಾಂಕಲ್ಲಿ ಸ್ಪೈಡರ್‌ಮ್ಯಾನ್ ಅನ್ನೋಕೆ ಪ್ರೂಫ್ ಎಲ್ಲಿ ಅಂತ ವಾಪಸ್ ಕಳಿಸ್ತಾರೆ (ಇವತ್ತಾಗಿದ್ರೆ ಕೆವೈಸಿ ಅಂದಿರೋರು). ಸರಿ ಅಂತ ಸೀದಾ ಫೆಂಟಾಸ್ಟಿಕ್ ಫೋರ್ ಅನ್ನೋ ಇನ್ನೊಂದು ಸೂಪರ್‌ಹೀರೋ ತಂಡದ ಬಿಲ್ಡಿಂಗಿಗೆ ನುಗ್ತಾನೆ, ಅವರ ಜೊತೆ ಹೊಡೆದಾಡಿ ತಾಕತ್ತು ತೋರಿಸ್ತಾನೆ, ಯಾಕಂದ್ರೆ ಅಲ್ಲಿ ಒಳ್ಳೇ ಸಂಬಳ ಸಿಗುತ್ತೆ ಅಂದ್ಕೊಂಡಿದಾನೆ. ನಾವು ಸಂಬಳ ಕೊಡಲ್ಲಪ್ಪ ಅಂದ ತಕ್ಷಣ ವಾಪಸ್ ಹೊರಟ. ಹುಡುಗ ಬಿದ್ದು ಬಿದ್ದು ನಕ್ಕ. ಅಂದ್ರೆ ನೋಡಿ, ಟೀಮ್ ಅನ್ನೋದು ಅವನಿಗೆ ಮೊದ್ಲು ಹೊಳೆದಿದ್ದೇ ಕೆಲಸ ಅಂತ, ಗೆಳೆತನ ಅಂತಲ್ಲ, ನಂಗೆ ಅವನು ಇಷ್ಟ ಆಗೋದೇ ಅದಕ್ಕೆ.

1966ರಲ್ಲಿ ಅವೆಂಜರ್ಸೇ ಕರೆದ್ರು, ಆದ್ರೆ ಪರೀಕ್ಷೆ ಇಟ್ರು, ಹಲ್ಕ್‌ನ ಹಿಡ್ಕೊಂಡು ಬಾ ಅಂತ. ಇವನು ಹೋಗಿ ಹುಡುಕ್ದ, ಹಲ್ಕ್ ಆಗಿ ಬದಲಾಗೋ ಬ್ಯಾನರ್ ಪಾಡು ನೋಡಿ ಕನಿಕರ ಬಂತು, ಬಿಟ್ಟು ಬಂದು ನನ್ನ ಕೈಲಿ ಆಗ್ಲಿಲ್ಲ ಅಂದ್ಬಿಟ್ಟ. "ಸುಳ್ಳು ಹೇಳಿದ್ನಾ?" ಹೂಂ ಕಣೋ. ಅಷ್ಟರಲ್ಲಿ ಅಕ್ಕ ಒಳಗಿಂದ ನಾಳೆ ಸ್ಕೂಲಿದೆ ಹೋಮ್‌ವರ್ಕ್ ಯಾರು ಮಾಡ್ತಾರೆ, ನಿನ್ನ ಮಾಮ ಮಾಡ್ತಾನಾ ಅಂತ. ಎದ್ದು ಹೋದ.

ನಾಳೆ ನಂಗೂ ಆಫೀಸಿದೆ, ಟೀಮ್ ಔಟಿಂಗ್ ಫಾರ್ಮ್ ಇನ್ನೂ ತುಂಬಿಲ್ಲ. ಬೇಡ ಅನ್ನೋ ಆಪ್ಷನ್ನೇ ಇಲ್ಲ ಅದ್ರಲ್ಲಿ.

1972ರಿಂದ 85ರವರೆಗೆ ಮಾರ್ವೆಲ್ ಟೀಮ್-ಅಪ್ ಅಂತ ಕಾಮಿಕ್ಸ್ ಬಂತಲ್ಲ, 150 ಸಂಚಿಕೆ, ಹೆಚ್ಚಿನದ್ರಲ್ಲಿ ಇವನೂ ಜೊತೆಗೊಬ್ಬ ಅತಿಥಿ, ಕಥೆ ಮುಗೀತು ಬೈ ಬೈ. ನನ್ನ ಕೇಳಿದ್ರೆ ಅವನಿಗೆ ಸರಿಯಾದ ಅಳತೆ ಅದು. 2005ರಲ್ಲಿ ನ್ಯೂ ಅವೆಂಜರ್ಸ್‌ಗೆ ಸೇರಿಸ್ಕೊಂಡ್ರು, ಎಕ್ಸ್-ಮೆನ್ ತಂಡದ ವುಲ್ವರಿನ್‌ನೂ ಸೇರಿಸಿದ್ರು, ಇಬ್ರೂ ಚೆನ್ನಾಗಿ ಮಾರಾಟ ಆಗೋರು, ಅದು ಬಿಟ್ರೆ ಬೇರೆ ಕಾರಣ ಬೇಕಾ. ಮನೆಮಂದಿಯೆಲ್ಲ ಸ್ಟಾರ್ಕ್ ಟವರಲ್ಲಿ. ಬಾಡಿಗೆ ಚಿಂತೆ ಇಲ್ಲದ ಪೀಟರ್ ಪಾರ್ಕರ್ (ಸ್ಪೈಡರ್‌ಮ್ಯಾನ್‌ನ ನಿಜ ಹೆಸರು) ಅಂದ್ರೆ ಏನು ಕರ್ಮ! ಮುಂದಿನ ವರ್ಷ ಅದೇ ಸ್ಟಾರ್ಕ್ ಮಾತು ಕೇಳಿ ಪ್ರೆಸ್ ಮುಂದೆ ಮಾಸ್ಕ್ ಬಿಚ್ಚಿದ, ಆಮೇಲೆ ಆ ಮನೆಗೆ ಬಂದ ಕಷ್ಟ ಒಂದಾ ಎರಡಾ.

ಮಲಗೋಕೆ ಹೋಗ್ತಾ ಹುಡುಗ ಬಾಗಿಲಲ್ಲಿ ನಿಂತು ಕೇಳ್ದ, "ಸಂಬಳ ಕೊಟ್ಟಿದ್ರೆ ಅವನು ಫೆಂಟಾಸ್ಟಿಕ್ ಫೋರಲ್ಲೇ ಇರ್ತಿದ್ನಾ ಮಾಮ?" ನಾಳೆ ಹೇಳ್ತೀನಿ ಹೋಗು ಅಂದೆ. 2011ರಲ್ಲಿ ಸೇರ್ದ ಅಲ್ವಾ, ಆ ತಂಡದ ಜಾನಿ ಸತ್ತ ಮೇಲೆ, ನನ್ನ ಜಾಗಕ್ಕೆ ಅವನನ್ನ ಕರೀರಿ ಅಂತ ಜಾನಿನೇ ಹೇಳಿಟ್ಟಿದ್ದ, ಅದೂ ಮೊದ್ಲಿಂದ ಇಬ್ರಿಗೂ ಬರೀ ಕಿತ್ತಾಟ. ಆದ್ರೆ ಜಾನಿ ಸತ್ತ ಅಂದ್ರೆ ವಾಪಸ್ ಬಂದ ಅಂತ್ಲೂ ಹೇಳ್ಬೇಕು, ಸತ್ತೋರು ಹೇಗೆ ಬರ್ತಾರೆ ಅಂತ ಕೇಳೇ ಕೇಳ್ತಾನೆ, ಹಾಗಾದ್ರೆ ಅಂಕಲ್ ಬೆನ್ ಯಾಕೆ ಬರ್ಲಿಲ್ಲ ಅಂತಾನೆ, ಅದಕ್ಕೆ ನಾನು